ಅಂಗಳದ ಮಣ್ಣನ್ನು ಯಾರು ಪರೀಕ್ಷಿಸಬೇಕು?



ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಸಣ್ಣ ಊರಿದೆ. ಲಂಬಾಣಿ ಜನರ ಊರು. ಅಲ್ಲಿಂದ ಕೆಲವು ಕಿಲೋಮೀಟರು ದೂರದಲ್ಲಿ ಮಂಗಳೂರು ಎಂಬ ಹಳ್ಳಿ. ಕರಾವಳಿಯ ಮಂಗಳೂರಲ್ಲ, ಇದು ಸುರಪುರ ಸೀಮೆಯದು. ಈ ಭಾಗದ ನೆಲದಡಿಯಲ್ಲಿ ಚಿನ್ನವಿತ್ತು. ಬಹಳ ಹಿಂದಿನ ಕಾಲದವರೂ ಅಗೆದಿದ್ದರು, ನಮ್ಮ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯೂ ಅಗೆಯಿತು. 1990ರ ದಶಕದಲ್ಲಿ ಕೆಲಸ ನಿಂತಿತು. ಕಂಪನಿಯವರು ಹೋದರು, ಯಂತ್ರಗಳು ಹೋದವು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿ ಅಲ್ಲಿಯೇ ಉಳಿಯಿತು. ಸುತ್ತಲಿನ ಜನರೂ ಅಲ್ಲಿಯೇ ಉಳಿದರು.

ಆಮೇಲೆ ತಾಂಡಾದವರ ಮೈಮೇಲೆ ಕಲೆಗಳು ಕಾಣಿಸಿಕೊಂಡವು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು. ಅಂಗೈ, ಅಂಗಾಲುಗಳಲ್ಲಿ ಗಟ್ಟಿಯಾದ ಸಣ್ಣ ಗಂಟುಗಳು. ಹೊಲದ ಕೆಲಸ ಮಾಡುವವರ ಅಂಗೈ ಗಡಸಾಗುವುದು ಸಹಜ, ಹಾಗಾಗಿ ಮೊದಮೊದಲು ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ದುಡಿಮೆಯ ಗಡಸು ಕೆಲಸ ಬಿಟ್ಟರೆ ಮೆತ್ತಗಾಗುತ್ತದೆ. ಈ ಗಂಟುಗಳು ಮೆತ್ತಗಾಗುವುದಿಲ್ಲ. ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಇಂಥ ಗಂಟುಗಳಿಂದಲೇ ಚರ್ಮದ ಕ್ಯಾನ್ಸರ್ ಶುರುವಾಗುತ್ತದೆ. ಇದಕ್ಕೆ ಕಾರಣವಾದ ವಿಷದ ಹೆಸರು ಆರ್ಸೆನಿಕ್. ನಮ್ಮ ಹಿರಿಯರು ಪಾಷಾಣ ಎಂದು ಕರೆದದ್ದು ಇದನ್ನೇ.

ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿಯವರ ಹೆಸರನ್ನು ಇಲ್ಲಿ ನೆನೆಯಲೇಬೇಕು. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಹಳ್ಳಿಗಳ ಆರ್ಸೆನಿಕ್ ಸಂಕಟವನ್ನು ಜಗತ್ತಿನ ಮುಂದಿಡಲು ದಶಕಗಳ ಕಾಲ ದುಡಿದ ವಿಜ್ಞಾನಿ ಅವರು. ಅವರೂ ಅವರ ಸಂಗಡಿಗರೂ ಮಂಗಳೂರು ಗಣಿ ಪ್ರದೇಶದಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರು 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದರು. ಅವುಗಳಲ್ಲಿ ನೂರಕ್ಕೆ 79 ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಒಂದು ಬಾವಿಯಲ್ಲಂತೂ 303 ಮೈಕ್ರೋಗ್ರಾಂ ಸಿಕ್ಕಿತು, ಅಂದರೆ ಮಿತಿಯ 30 ಪಟ್ಟು. 171 ಜನರ ಕೂದಲು, ಉಗುರುಗಳನ್ನು ತೆಗೆದು ನೋಡಿದರೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. 181 ಜನರ ಮೈ ಪರೀಕ್ಷೆ ಮಾಡಿದಾಗ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯಲ್ಲಿ ಚರ್ಮದ ಗುರುತುಗಳಿದ್ದವು.

ಈ ಅಂಕಿಗಳಲ್ಲಿ ನೀರಿನ ವಿಷಯ ಪತ್ರಿಕೆಗಳಲ್ಲಿ ಬಂತು, ಅಧಿಕಾರಿಗಳ ಕಿವಿಗೂ ಬಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಅದರ ಬಗ್ಗೆ ಮಾತಾಡಿದವರು ಕಡಿಮೆ. ನಾನು ಇವತ್ತು ಮೈಕಿನ ಮುಂದೆ ಕುಳಿತಿರುವುದೇ ಅದಕ್ಕಾಗಿ. ಅವರು ಮೇಲ್ಮಣ್ಣಿನ 12 ಮಾದರಿಗಳನ್ನೂ ತೆಗೆದಿದ್ದರು. ಆ 12ರಲ್ಲಿ 6 ಮಾದರಿಗಳಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಮಾಮೂಲಿ ನೆಲದಲ್ಲಿ ಕಿಲೋಗೆ ಐದೋ ಹತ್ತೋ ಮಿಲಿಗ್ರಾಂ ಇರುತ್ತದೆ. ಜನ ಕಾಯಿಲೆ ಬಿದ್ದದ್ದಕ್ಕೆ ಮುಖ್ಯ ದಾರಿ ನೀರೇ ಇರಬೇಕು ಎಂದು ವಿಜ್ಞಾನಿಗಳು ಹೇಳಿದರು. ಜೊತೆಗೆ, ಮನೆಗಳ ಸುತ್ತಲಿನ ಮಣ್ಣು ಬಾಯಿಯ ಮೂಲಕ ಮೈ ಸೇರುವುದೂ ದೊಡ್ಡ ದಾರಿಯಾಗಿರಬಹುದು, ಅದರ ಬಗ್ಗೆ ಇನ್ನೂ ಅಧ್ಯಯನ ಬೇಕು ಎಂದೂ ಹೇಳಿದರು.

ಈ 2000 ಮಿಲಿಗ್ರಾಂ ಎಂಬುದು ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡೋಣ. ಕಿಲೋಗೆ 2000 ಮಿಲಿಗ್ರಾಂ ಅಂದರೆ ಒಂದು ಗ್ರಾಂ ಮಣ್ಣಿನಲ್ಲಿ 2 ಮಿಲಿಗ್ರಾಂ. ಅಂಗಳದಲ್ಲಿ ಆಡುವ ಎರಡು ಮೂರು ವರ್ಷದ ಕೂಸು ದಿನಕ್ಕೆ ಎಷ್ಟು ಮಣ್ಣು ನುಂಗುತ್ತದೆ? ಮಣ್ಣು ತಿನ್ನುವ ಚಟವಿರುವ ಮಗುವಿನ ಮಾತು ಬೇರೆ. ಸಾಮಾನ್ಯ ಮಗುವೂ ಬೆರಳು ಚೀಪಿ, ಬಿದ್ದ ರೊಟ್ಟಿ ತುಣುಕು ಎತ್ತಿ ತಿಂದು, ಆಟಿಕೆ ಬಾಯಿಗಿಟ್ಟು, ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು ದೂಳನ್ನು ನುಂಗುತ್ತದೆ ಎಂದು ಆರೋಗ್ಯ ತಜ್ಞರು ಲೆಕ್ಕ ಹಿಡಿಯುತ್ತಾರೆ. ಎರಡು ಬೆರಳ ನಡುವೆ ಹಿಡಿಯುವಷ್ಟೂ ಇರುವುದಿಲ್ಲ ಅದು. ಆದರೆ ಅಷ್ಟರಲ್ಲೇ 200 ಮೈಕ್ರೋಗ್ರಾಂ ಆರ್ಸೆನಿಕ್ ಇರುತ್ತದೆ. ಮಿತಿಯ ಅಂಚಿನಲ್ಲಿರುವ ನೀರನ್ನು 20 ಲೀಟರ್ ಕುಡಿದರೆ ಎಷ್ಟಾಗುತ್ತದೋ ಅಷ್ಟು. ಮಣ್ಣಿನ ಕಣದೊಳಗೆ ಸಿಕ್ಕಿಕೊಂಡ ವಿಷವೆಲ್ಲ ಹೊಟ್ಟೆಯಲ್ಲಿ ಕರಗುವುದಿಲ್ಲ, ಒಂದು ಪಾಲು ಹಾಗೆಯೇ ಹೊರಗೆ ಹೋಗುತ್ತದೆ, ನಿಜ. ಕಾಲು ಭಾಗ ಮಾತ್ರ ಮೈಗೆ ಹತ್ತಿತು ಎಂದು ಹಿಡಿದರೂ 5 ಲೀಟರ್ ನೀರಿಗೆ ಸಮವಾಯಿತು. ಹತ್ತು ಹನ್ನೆರಡು ಕಿಲೋ ತೂಕದ ಕೂಸು ದಿನಕ್ಕೆ 5 ಲೀಟರ್ ನೀರು ಕುಡಿಯುವುದಿಲ್ಲ.

ಅಂದರೆ, ಆ ಊರಿಗೆ ಕೃಷ್ಣಾ ನದಿಯ ಶುದ್ಧ ನೀರನ್ನೇ ನಲ್ಲಿಯಲ್ಲಿ ತಂದು ಕೊಟ್ಟರೂ ಕೆಲಸ ಅರ್ಧ ಮಾತ್ರ ಆದಂತೆ. ಶುದ್ಧ ನೀರು ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳವೆಬಾವಿಯ ಬಾಯಿ ಮುಚ್ಚಬಹುದು, ಅಂಗಳದ ಬಾಯಿ ಮುಚ್ಚಲು ಆಗುವುದಿಲ್ಲ. ಕೂಸು ಅಲ್ಲಿ ಅಂಬೆಗಾಲಿಡುತ್ತದೆ. ತಾಯಿ ಅಲ್ಲಿ ಜೋಳ ಒಣಹಾಕುತ್ತಾಳೆ. ಕೋಳಿ ಅಲ್ಲಿ ಕೆದಕುತ್ತದೆ. ಬೇಸಗೆಯಲ್ಲಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಾರೆ.

ಚಿನ್ನ ಇರುವ ಕಡೆ ಆರ್ಸೆನಿಕ್ ಯಾಕೆ ಇರುತ್ತದೆ ಎಂದು ಕೇಳಬಹುದು. ರಾಯಚೂರು, ಯಾದಗಿರಿ, ಕೋಲಾರದ ಚಿನ್ನ ಸಿಗುವುದು ಬಹಳ ಹಳೆಯ ಕರಿಹಸಿರು ಬಂಡೆಗಳ ಪಟ್ಟಿಗಳಲ್ಲಿ. ಈ ಬಂಡೆಗಳಲ್ಲಿ ಚಿನ್ನದ ಒಡನಾಡಿಯಾಗಿ ಆರ್ಸೆನೋಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಖನಿಜ ಅದು. ತೂಕದಲ್ಲಿ ನೂರಕ್ಕೆ 46 ಪಾಲು ಆರ್ಸೆನಿಕ್ಕೇ. ಬಂಡೆಯ ಹೊಟ್ಟೆಯಲ್ಲಿ, ಗಾಳಿ ತಾಗದ ಆಳದಲ್ಲಿ ಇರುವಷ್ಟು ದಿನ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಒಂದು ಟನ್ ಬಂಡೆಯಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಆ ಕೆಲವು ಗ್ರಾಮಿಗಾಗಿ ಇಡೀ ಟನ್ನನ್ನು ಮೇಲೆ ತಂದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನವನ್ನು ಕರಗಿಸಿಕೊಂಡು, ಮತ್ತೆ ಬೇರ್ಪಡಿಸಿ, ಕುಲುಮೆಯಲ್ಲಿ ಕರಗಿಸಿ ಗಟ್ಟಿ ಎರೆಯುತ್ತಾರೆ. ಉಳಿದದ್ದೆಲ್ಲ ದಿಬ್ಬಕ್ಕೆ. ಬಂಡೆಯಾಗಿದ್ದಾಗ ಗಾಳಿಗೂ ಮಳೆಗೂ ಸಿಗದಿದ್ದ ಖನಿಜ ಈಗ ಪುಡಿಯಾಗಿ ಬಿಸಿಲಲ್ಲಿ ಬಿದ್ದಿದೆ. ಗಾಳಿ ತಾಗಿ ಅದು ಒಡೆಯುತ್ತದೆ, ಮಳೆಗೆ ಕರಗಿ ಹಳ್ಳ ಸೇರುತ್ತದೆ, ನೆಲಕ್ಕಿಳಿಯುತ್ತದೆ, ಬೇಸಗೆಯ ಸುಳಿಗಾಳಿಗೆ ಎದ್ದು ಮನೆಯೊಳಗೆ ಬರುತ್ತದೆ.

ನಮ್ಮ ನಾಡಿನ ಚಿನ್ನದ ಚರಿತ್ರೆ ಹೆಮ್ಮೆಪಡುವಂಥದ್ದು. ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಆಳವಾಗಿ ಅಗೆದಿದ್ದರು. ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ. ಚಿನ್ನ ಹುಡುಕಲು ಹೋದವನಿಗೆ ಚರಿತ್ರೆ ಸಿಕ್ಕಿತು. ಶಾಲೆಯ ಪುಸ್ತಕಗಳಲ್ಲಿ ನಾವು ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುತ್ತೇವೆ. ಅದೇ ಸೀಮೆಯ ತಾಂಡಾದ ಮಕ್ಕಳು ಯಾವ ಮಣ್ಣಿನ ಮೇಲೆ ಆಡುತ್ತಿದ್ದಾರೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ.

ಈಗ ಕೋಲಾರದ ಕಡೆ ಬರೋಣ. ಕೆಜಿಎಫ್ ಎಂದರೆ ಇವತ್ತಿನ ಹುಡುಗರಿಗೆ ಸಿನಿಮಾ. ಅಲ್ಲಿ ಬದುಕಿದವರಿಗೆ ಅದು ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಗಾಂ, ಕೋರಮಂಡಲ್, ಆಂಡರ್ಸನ್‌ಪೇಟೆ, ಮತ್ತು ಸಾಲುಸಾಲು ಲೈನ್ ಮನೆಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವ ತನಕ, 120 ವರ್ಷಗಳಲ್ಲಿ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೋಯಿತು. ಅಲ್ಲಿ ಉಳಿದದ್ದು 13 ದಿಬ್ಬಗಳು. ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಊರಿನವರು ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ, ಆದರೆ ಒಂದು ವಿಷಯ ತಿಳಿದಿರಬೇಕು. ಸೈನೈಡ್ ಎಷ್ಟೇ ಘೋರ ವಿಷವಾದರೂ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದು ಹೋಗುವಂಥದ್ದು. ಆರ್ಸೆನಿಕ್ ಒಡೆಯುವುದಿಲ್ಲ, ಸೀಸವೂ ಒಡೆಯುವುದಿಲ್ಲ. ಅವು ಮೂಲವಸ್ತುಗಳು, ನೂರು ವರ್ಷ ಬಿಟ್ಟು ನೋಡಿದರೂ ಅಷ್ಟೇ ಇರುತ್ತವೆ. ಜನ ಹೆದರುವ ವಿಷ ಒಂದು, ಉಳಿಯುವ ವಿಷ ಇನ್ನೊಂದು.

ಕೆಜಿಎಫ್‌ನ ದೂಳಿಗೆ ಇನ್ನೊಂದು ಚರಿತ್ರೆಯೂ ಇದೆ. ಚಿನ್ನವಿರುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲಿನ ಸಣ್ಣ ದೂಳು ಪುಪ್ಪುಸಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, 1940ರಿಂದ 46ರವರೆಗೆ, ಅಲ್ಲಿ 7653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ 3402 ಮಂದಿಗೆ ಈ ಕಾಯಿಲೆ ಇರುವುದು ತಿಳಿಯಿತು. ಅದು ನೆಲದಡಿ ದುಡಿದವರ ಲೆಕ್ಕ. ದಿಬ್ಬದ ಮಗ್ಗುಲಲ್ಲಿ ಮನೆ ಮಾಡಿಕೊಂಡ ಹೆಂಗಸರು, ಮಕ್ಕಳು, ಗಾಳಿ ಬೀಸುವ ತಿಂಗಳುಗಳಲ್ಲಿ ಅನ್ನದ ತಟ್ಟೆಯ ಮೇಲೂ ಬೀಳುವ ಬಿಳಿ ದೂಳಿನಲ್ಲಿ ಬದುಕಿದವರು, ಇವರ ಲೆಕ್ಕವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಇಡಲಿಲ್ಲ. ಈಗ ಆ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಯೋಜನೆ ಬಂದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಕಳೆದುಕೊಂಡ ಊರಿಗೆ ಕೆಲಸ ಬಂದರೆ ಸಂತೋಷವೇ. ಆದರೆ ದಿಬ್ಬವನ್ನು ಕೆದಕುವ ಮುಂಚೆ ಸುತ್ತಲಿನ ಬಡಾವಣೆಗಳ ಮಣ್ಣು, ದೂಳು, ಮಕ್ಕಳ ಆರೋಗ್ಯ ಇವತ್ತು ಹೇಗಿದೆ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ನಾಳೆ ಯಾರಿಗಾದರೂ ಕಾಯಿಲೆ ಬಂದಾಗ ಅದು ಮೊದಲಿನದೋ ಈಗಿನದೋ ಎಂದು ಹೇಳಲು ಯಾರ ಬಳಿಯೂ ಆಧಾರ ಇರುವುದಿಲ್ಲ.

ಹೊರಗಿನವರು ಇಂಥದ್ದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ನೋಡೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಟಕೋಮಾ ಎಂಬ ಬಂದರು ಪಟ್ಟಣವಿದೆ. ಅದರ ಅಂಚಿನಲ್ಲಿ ಅಸಾರ್ಕೊ ಎಂಬ ಕಂಪನಿಯ ತಾಮ್ರದ ಕುಲುಮೆ ಸುಮಾರು ನೂರು ವರ್ಷ ಉರಿಯಿತು. ಆರ್ಸೆನಿಕ್ ಹೆಚ್ಚಿರುವ ಅದಿರನ್ನು ಕರಗಿಸುವುದರಲ್ಲಿ ಹೆಸರಾಗಿದ್ದ ಕುಲುಮೆ ಅದು. ಆಕಾಶಕ್ಕೆ ಚಾಚಿದ ಚಿಮಣಿಯಿಂದ ಹೊರಟ ಹೊಗೆ ಗಾಳಿ ಬೀಸಿದ ಕಡೆಗೆಲ್ಲ ಹೋಗಿ ಇಳಿಯಿತು. 1980ರ ದಶಕದ ನಡುವೆ ಕುಲುಮೆ ಆರಿತು, 1993ರಲ್ಲಿ ಚಿಮಣಿಯನ್ನು ಕೆಡವಿದರು. ಕೆಡವಿದ ಮೇಲೆ ಮುಗಿಯಿತು ಎಂದು ಅಲ್ಲಿನವರು ಕೈಕಟ್ಟಿ ಕೂರಲಿಲ್ಲ. ಸುಮಾರು ಸಾವಿರ ಚದರ ಮೈಲಿಯ ಮೇಲ್ಮಣ್ಣಿನಲ್ಲಿ ಹೊಗೆಯ ಗುರುತು ಇದೆ ಎಂದು ನಕ್ಷೆ ಮಾಡಿದರು. ಕಂಪನಿ ದಿವಾಳಿಯೆದ್ದಾಗ ಅದರಿಂದ ವಸೂಲಾದ ಹಣದಲ್ಲಿ ಜನರ ಮನೆಯಂಗಳಗಳ ಮಣ್ಣನ್ನು ಪುಕ್ಕಟೆಯಾಗಿ ಪರೀಕ್ಷಿಸುವ ಏರ್ಪಾಟು ಮಾಡಿದರು. ಆ ರಾಜ್ಯದ ನಿಯಮದ ಪ್ರಕಾರ ಮನೆಯ ಮಣ್ಣಿನಲ್ಲಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ಎಚ್ಚರ. ಸರಾಸರಿ 90 ದಾಟಿದ ಅಂಗಳಗಳ ಮಣ್ಣನ್ನು ಸರ್ಕಾರವೇ ತೆಗೆದು ಸಾಗಿಸಿ ಹೊಸ ಮಣ್ಣು ತುಂಬಿ ಹುಲ್ಲು ಹಾಸಿ ಕೊಡುವ ಯೋಜನೆ ಮಾಡಿತು.

ಅಲ್ಲಿ 90 ದಾಟಿದರೆ ಮಣ್ಣು ಬದಲಾಯಿಸಿದರು. ನಮ್ಮ ಗಣಿ ಸೀಮೆಯಲ್ಲಿ 2000 ದಾಟಿದ್ದು ಒಂದು ವಿಜ್ಞಾನ ಪತ್ರಿಕೆಯ ಪುಟದಲ್ಲಿ ಉಳಿದಿದೆ. ಅವರದು ಶ್ರೀಮಂತ ದೇಶ, ನಮಗೆ ಅಷ್ಟು ಶಕ್ತಿ ಎಲ್ಲಿದೆ ಎನ್ನಬಹುದು. ಸಾವಿರ ಚದರ ಮೈಲಿ ನಮಗೆ ಬೇಡ. ಒಂದು ತಾಂಡಾದಲ್ಲಿ ಎಷ್ಟು ಅಂಗಳಗಳಿರುತ್ತವೆ? ಒಂದು ಕೆರೆಯ ಹೂಳೆತ್ತುವ ಜೆಸಿಬಿ, ಟಿಪ್ಪರುಗಳು ಒಂದು ಬೇಸಗೆಯಲ್ಲಿ ಮುಗಿಸಬಹುದಾದ ಕೆಲಸ ಇದು.

ಕುಲುಮೆಯ ಮಾತು ಬಂತಲ್ಲ, ಸೀಸದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಆಫ್ರಿಕಾದ ಜಾಂಬಿಯಾ ದೇಶದ ಕಾಬ್ವೆ ಪಟ್ಟಣದಲ್ಲಿ ಸೀಸದ ಗಣಿ, ಕುಲುಮೆ 1994ರಲ್ಲಿ ಮುಚ್ಚಿದವು. ಇವತ್ತಿಗೂ ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿದೆ. ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳು ಅವರು. ನಮ್ಮಲ್ಲೂ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಸಣ್ಣಸಣ್ಣ ಭಟ್ಟಿಗಳು ಊರಂಚಿನ ಶೆಡ್ಡುಗಳಲ್ಲಿ, ಮನೆ ಹಿತ್ತಲುಗಳಲ್ಲಿ ನಡೆದಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಪತ್ತೆಗೆಂದೇ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಈ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದ್ದಾರೆ. ಇಂಥ ಭಟ್ಟಿ ಒಂದು ದಿನ ಮಾಯವಾಗುತ್ತದೆ. ಜಾಗ ಮಟ್ಟ ಮಾಡಿ, ಸೈಟು ಮಾಡಿ ಮಾರುತ್ತಾರೆ. ಕೊಂಡವರಿಗೆ ಖಾತೆ, ಪಹಣಿ, ಋಣಭಾರ ಪತ್ರ ಎಲ್ಲ ಸಿಗುತ್ತದೆ. ಆ ನೆಲದಲ್ಲಿ ಹಿಂದೆ ಏನು ಕರಗಿಸುತ್ತಿದ್ದರು ಎಂದು ಹೇಳುವ ಕಾಗದ ಮಾತ್ರ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಸೀಸ ಇಷ್ಟು ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಮಿದುಳು ಬೆಳೆಯುವ ವಯಸ್ಸಿನಲ್ಲಿ ಅದು ಕಲಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಮೈಮೇಲೆ ಯಾವ ಗುರುತೂ ಇರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ದಡ್ಡ ಎಂದು ಬೈಯುತ್ತಾರೆ, ಅಷ್ಟೆ.

ರೈತ ಬಾಂಧವರು ಕೇಳಬಹುದು, ನಮ್ಮಲ್ಲಿ ಮಣ್ಣು ಪರೀಕ್ಷೆ ನಡೆಯುತ್ತದಲ್ಲ, ಮಣ್ಣು ಆರೋಗ್ಯ ಚೀಟಿ ಕೊಡುತ್ತಾರಲ್ಲ ಎಂದು. 2015ರಲ್ಲಿ ಶುರುವಾದ ಆ ಯೋಜನೆ ಒಳ್ಳೆಯದೇ. ಅದರಲ್ಲಿ 12 ಅಂಶಗಳನ್ನು ನೋಡುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಆರ್ಸೆನಿಕ್ ಇಲ್ಲ. ಸೀಸ ಇಲ್ಲ. ಆ ಚೀಟಿ ಬೆಳೆಗೆ ಏನು ಕೊರತೆ ಎಂದು ಹೇಳುತ್ತದೆ, ಮನುಷ್ಯನಿಗೆ ಏನು ಕೇಡು ಎಂದು ಹೇಳುವುದಿಲ್ಲ. ಅದೂ ಹೊಲದ ಮಣ್ಣಿಗೆ ಮಾತ್ರ, ಮನೆ ಮುಂದಿನ ಮಣ್ಣಿಗಲ್ಲ. ಗಣಿ ಸೀಮೆಯ ಹಳ್ಳಿಗಳಲ್ಲಾದರೂ ಈ 12ರ ಜೊತೆಗೆ ಇನ್ನೆರಡು ಸೇರಿಸಿ, ಅಂಗನವಾಡಿಯ ಅಂಗಳ, ಶಾಲೆಯ ಮೈದಾನದ ಮಣ್ಣನ್ನೂ ಪರೀಕ್ಷೆಗೆ ಕಳಿಸುವುದು ಅಷ್ಟು ಕಷ್ಟವೇ? ನನಗೆ ಹಾಗೆ ಅನಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ? ಗಣಿ ಮುಚ್ಚುವಾಗ ನೆಲವನ್ನು ಹೇಗೆ ಸರಿಪಡಿಸಿ ಹೋಗಬೇಕು ಎಂಬ ಯೋಜನೆಯನ್ನು ಮೊದಲೇ ಕೊಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಸುರಪುರ ಸೀಮೆಯ ಗಣಿ, ಕೋಲಾರದ ಗಣಿಗಳು ಅಷ್ಟರಲ್ಲಿ ಮುಚ್ಚಿಯಾಗಿತ್ತು. ಈಚೆಗೆ, 2025ರ ಜುಲೈನಲ್ಲಿ, ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳ ನಿರ್ವಹಣೆಗೆಂದು ಹೊಸ ನಿಯಮಗಳನ್ನು ತಂದಿದೆ. ಬಹಳ ವರ್ಷಗಳಿಂದ ಬೇಕಾಗಿದ್ದ ನಿಯಮಗಳು. ಅದರ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ತನ್ನ ಜಿಲ್ಲೆಯಲ್ಲಿ ಅನುಮಾನ ಇರುವ ಜಾಗಗಳ ವರದಿ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತಾದ ಅವಧಿಯೊಳಗೆ ಪರೀಕ್ಷಿಸಬೇಕು. ಕೆಡಿಸಿದವರಿಂದಲೇ ಸರಿಪಡಿಸುವ ಖರ್ಚು ವಸೂಲು ಮಾಡಬೇಕು. ದೇಶದಲ್ಲಿ ಆಗಲೇ ಗುರುತಿಸಿದ್ದ 103 ತಾಣಗಳಲ್ಲಿ ಸರಿಪಡಿಸುವ ಕೆಲಸ ಶುರುವಾಗಿದ್ದದ್ದು 7 ಕಡೆ ಮಾತ್ರ ಎಂಬುದನ್ನು ನೋಡಿದರೆ ಈ ನಿಯಮಗಳ ಅಗತ್ಯ ಎಷ್ಟಿತ್ತು ಎಂದು ತಿಳಿಯುತ್ತದೆ.

ಆದರೆ ಅದೇ ನಿಯಮಗಳು ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ತಮ್ಮ ವ್ಯಾಪ್ತಿಯ ಹೊರಗಿಟ್ಟಿವೆ, ಅದಕ್ಕೆ ಬೇರೆ ಕಾನೂನು ಇದೆ ಎಂಬ ಕಾರಣಕ್ಕೆ. ಗಣಿಯ ಕಸದ ಜೊತೆಗೆ ನಿಯಮದಲ್ಲಿ ಹೆಸರಿಸಿದ ಬೇರೆ ವಿಷವಸ್ತು ಬೆರೆತು ಮಿತಿ ಮೀರಿದ್ದರೆ ಮಾತ್ರ ಇವು ಅನ್ವಯವಾಗುತ್ತವೆ. ಹಾಗಾದರೆ ಕಿರದಳ್ಳಿ ತಾಂಡಾದಂಥ ಊರಿನ ಅಂಗಳ ಯಾರ ಪಾಲಿಗೆ ಬಂತು? ಗಣಿ ಕಾನೂನಿನವರು ನಮ್ಮ ನಿಯಮ ಬರುವ ಮುಂಚೆಯೇ ಮುಚ್ಚಿತ್ತು ಎನ್ನಬಹುದು. ಪರಿಸರದವರು ಗಣಿ ನಮಗೆ ಸೇರಿದ್ದಲ್ಲ ಎನ್ನಬಹುದು. ಕುಡಿಯುವ ನೀರಿನವರು ನೀರು ಕೊಟ್ಟಿದ್ದೇವೆ ಎನ್ನಬಹುದು. ಪ್ರತಿಯೊಬ್ಬರ ಮಾತೂ ಅವರವರ ಕಡತದ ಮಟ್ಟಿಗೆ ಸರಿ. ಇದನ್ನು ನಾನು ಯಾರ ಮೇಲೂ ಸಿಟ್ಟಿನಿಂದ ಹೇಳುತ್ತಿಲ್ಲ. ಈ ಬಿರುಕನ್ನು ಮುಚ್ಚುವುದು ರಾಜ್ಯ ಸರ್ಕಾರದ ಕೈಯಲ್ಲಿದೆ, ಮುಚ್ಚಲೇಬೇಕು ಎಂದು ಹೇಳುತ್ತಿದ್ದೇನೆ. ಕೊನೆಗೆ ಚಿನ್ನ ತೆಗೆದದ್ದು ಸರ್ಕಾರದ ಕಂಪನಿಗಳು. ಆ ಚಿನ್ನ ಬಿಟ್ಟುಹೋದ ಮಣ್ಣೂ ಸರ್ಕಾರದ್ದೇ ಆಗಬೇಕು.

ಆ ಕೆಲಸ ಆಗುವ ತನಕ ಇಂಥ ಜಾಗಗಳಲ್ಲಿ ಇರುವವರು ಏನು ಮಾಡಬೇಕು? ತಾಯಂದಿರಿಗೆ ಕೆಲವು ಮಾತು ಹೇಳುತ್ತೇನೆ. ಆರ್ಸೆನಿಕ್ ಇರುವ ನೀರಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇರುವುದಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ಪರೀಕ್ಷೆಯಾಗದ ಕೊಳವೆಬಾವಿಯ ನೀರನ್ನು ಕಾಯಿಸಿ ಕುಡಿದರೆ ಸಾಕು ಎಂದು ನಂಬಬೇಡಿ. ಮನೆಯ ಕಸ ಗುಡಿಸುವಾಗ ಮೊದಲು ನೀರು ಚಿಮುಕಿಸಿ, ಒಣ ಪೊರಕೆ ದೂಳನ್ನು ಎಬ್ಬಿಸಿ ಮತ್ತೆ ಮನೆಯೊಳಗೇ ಕೂರಿಸುತ್ತದೆ. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಚಪ್ಪಲಿ ಹೊಸ್ತಿಲ ಹೊರಗಿರಲಿ. ಮಕ್ಕಳು ಉಣ್ಣುವ ಮುಂಚೆ, ಮಲಗುವ ಮುಂಚೆ ಕೈ ತೊಳೆಸಿ, ಉಗುರು ಕತ್ತರಿಸಿ. ಜೋಳ, ಮೆಣಸಿನಕಾಯಿ, ಶೇಂಗಾ ಒಣಹಾಕುವಾಗ ಬರಿ ನೆಲದ ಮೇಲೆ ಬೇಡ, ತಾಡಪಾಲು ಹಾಸಿ. ಅಂಗಳದ ಮಣ್ಣಿನಲ್ಲಿ ಗಡ್ಡೆ, ಸೊಪ್ಪು ಬೆಳೆಯಬೇಡಿ. ಬೇರೆ ಕಡೆಯ ಒಳ್ಳೆಯ ಮಣ್ಣು ತಂದು ಕುಂಡದಲ್ಲೋ ಚೀಲದಲ್ಲೋ ಬೆಳೆಯಿರಿ. ದಿಬ್ಬದ ಮರಳು ನುಣ್ಣಗಿದೆ ಎಂದು ಗೋಡೆ ಮೆತ್ತಲು, ಮನೆ ಮುಂದೆ ಹರಡಲು ತರಲೇಬೇಡಿ. ಬಸುರಿ ಹೆಂಗಸರಿಗೆ ಮಣ್ಣು ತಿನ್ನುವ ಬಯಕೆ ಆಗುವುದುಂಟು. ಅದು ಬಹಳ ಸಲ ರಕ್ತಹೀನತೆಯ ಗುರುತು. ನಾಚಿಕೆಪಡದೆ ಆಶಾ ಕಾರ್ಯಕರ್ತೆಗೆ ಹೇಳಿ, ಕಬ್ಬಿಣದ ಗುಳಿಗೆ ತೆಗೆದುಕೊಳ್ಳಿ. ಮಕ್ಕಳಿಗೆ ಮೊಟ್ಟೆ, ಬೇಳೆ, ಹಸಿರು ಸೊಪ್ಪು ಸಿಗುವಂತೆ ನೋಡಿಕೊಳ್ಳಿ. ಚೆನ್ನಾಗಿ ಉಂಡ ಮೈ ಆರ್ಸೆನಿಕ್ಕನ್ನು ಮೂತ್ರದಲ್ಲಿ ಹೊರಹಾಕಲು ಹೆಚ್ಚು ಶಕ್ತವಾಗಿರುತ್ತದೆ. ಅರೆಹೊಟ್ಟೆಯವರ ಮೇಲೆ ಅದು ಹೆಚ್ಚು ಬೀಳುತ್ತದೆ. ಕೈಕಾಲಲ್ಲಿ ಗಂಟು, ಮೈಮೇಲೆ ಚುಕ್ಕೆ ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ. ಇದು ಅಂಟುವ ಕಾಯಿಲೆಯಲ್ಲ, ಕುಷ್ಠವೂ ಅಲ್ಲ. ಈ ಕಲೆಗಳ ಕಾರಣಕ್ಕೆ ಒಂದು ಊರಿನ ಹೆಣ್ಣುಮಕ್ಕಳಿಗೆ ಸಂಬಂಧ ತಪ್ಪುವುದು ದೊಡ್ಡ ಅನ್ಯಾಯ.

ಇದನ್ನೆಲ್ಲ ಮಾಡಿದರೂ ವಿಷ ಇರುವ ಜಾಗದಿಂದ ಹೋಗುವುದಿಲ್ಲ, ನಮ್ಮೊಳಗೆ ಬರುವುದು ಕಡಿಮೆಯಾಗುತ್ತದೆ ಅಷ್ಟೆ. ದಿನಕ್ಕೆ ಎರಡು ಸಲ ನೆಲ ಒರೆಸುವ ಹೊರೆಯನ್ನು ಒಬ್ಬ ಕೂಲಿ ಹೆಣ್ಣುಮಗಳ ತಲೆಗೆ ಕಟ್ಟಿ, ಮಗು ಕಾಯಿಲೆ ಬಿದ್ದರೆ ಅವಳದೇ ತಪ್ಪು ಎನ್ನುವಂತೆ ಆಗಬಾರದು.

ಅದಕ್ಕೆ ಊರು ಸೇರಿ ಮಾಡುವ ಕೆಲಸ ಒಂದಿದೆ. ನಿಮ್ಮ ಊರಿನ ಹತ್ತಿರ ಮುಚ್ಚಿದ ಗಣಿ, ಗಣಿ ದಿಬ್ಬ, ಹಳೆಯ ಕುಲುಮೆ, ಬ್ಯಾಟರಿ ಭಟ್ಟಿ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಠರಾವು ಬರೆಸಿ. ಯಾವ ಸರ್ವೆ ನಂಬರ್, ಯಾವಾಗ ಕೆಲಸ ನಡೆಯುತ್ತಿತ್ತು, ಯಾವಾಗ ನಿಂತಿತು, ಅಲ್ಲಿಂದ ಮನೆಗಳು ಎಷ್ಟು ದೂರ, ಮಳೆನೀರು ಯಾವ ಹಳ್ಳಕ್ಕೆ ಹೋಗುತ್ತದೆ, ಅಂಗನವಾಡಿ ಎಲ್ಲಿದೆ, ಇಷ್ಟನ್ನು ಬರೆಯಿರಿ. ಹಿರಿಯರನ್ನು ಕೇಳಿ ಬರೆಯಿರಿ. ಅಲ್ಲಿ ದುಡಿದವರು ಇನ್ನೂ ಕೆಲವರಾದರೂ ಇರುತ್ತಾರೆ, ಎಲ್ಲಿ ಏನು ಸುರಿದರು ಎಂದು ಅವರಿಗೆ ಗೊತ್ತಿರುತ್ತದೆ. ಅದನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ, ಗಣಿ ನಿಯಮದ ಹೊರಗಿದೆ ಎಂದರೂ ಆರು ತಿಂಗಳ ವರದಿಯಲ್ಲಿ ನಮ್ಮ ಊರನ್ನು ಸೇರಿಸಿ ಎಂದು ಕೇಳಿ. ಒಂದು ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಇನ್ನೊಂದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಪರೀಕ್ಷೆಗೆ ಬಂದವರು ಕೊಳವೆಬಾವಿಯ ನೀರನ್ನಷ್ಟೇ ಬಾಟಲಿಯಲ್ಲಿ ತುಂಬಿಕೊಂಡು ಹೊರಟರೆ ಅವರನ್ನು ತಡೆದು, ಅಂಗನವಾಡಿಯ ಮುಂದಿನ ಮಣ್ಣನ್ನೂ ಒಂದು ಚೀಲದಲ್ಲಿ ತುಂಬಿಸಿ ಕಳಿಸಿ.